‘ಜೀನ್ ಸಂಪಾದನೆ’ ಎಂಬ ಪರಿಭಾಷೆಯ ವಿಮರ್ಶೆ

ವಂಶವಾಹಿಗಳನ್ನು ಮಾರ್ಪಡಿಸುವ ನೂತನ ವೈದ್ಯಕ್ರಮಕ್ಕೆ ಕನ್ನಡದಲ್ಲಿ ‘ಜೀನ್ ಸಂಪಾದನೆ’ ಎಂಬ ಹೆಸರು ಬಳಕೆಗೆ ಬರುತ್ತಲಿದೆ. ಇಂಗ್ಲಿಷಿನಲ್ಲಿ ಗ್ರಂಥಪರಿಷ್ಕಾರಕ್ಕೂ ಇದಕ್ಕೂ ಒಂದೇ ಶಬ್ದವಿರುವುದರಿಂದ ನಮ್ಮವರೂ ಅದನ್ನೇ ಅನುಸರಿಸಿದರು. ಓಲೆಗರಿಗಳ ಪಾಠಶೋಧನೆಯಲ್ಲಿ ಮೂವತ್ತು ವರ್ಷಗಳನ್ನು ಕಳೆದ ನಮಗೆ ಹೆಸರು ಕೇಳಿದೊಡನೆ ಸಂತೋಷವೇ ಆಯಿತು. ವಿಷಯವನ್ನು ಓದಿ ತಿಳಿದ ಮೇಲೆ ಅದು ಉಳಿಯಲಿಲ್ಲ.

ಸಿಕಲ್ ಸೆಲ್ ಎಂಬ ರಕ್ತರೋಗವನ್ನು ತೆಗೆದುಕೊಳ್ಳೋಣ. ಇದರ ಮೂಲವು ಲಿಪಿಕಾರನ ಪ್ರಮಾದವನ್ನೇ ಹೋಲುತ್ತದೆ. ಹಿಮೋಗ್ಲೋಬಿನ್ನಿಗೆ ಕಾರಣವಾದ ಜೀನೊಂದರಲ್ಲಿ ‘ಜಿ-ಎ-ಜಿ’ ಎಂದಿರಬೇಕಾದ ಕಡೆ ‘ಜಿ-ಟಿ-ಜಿ’ ಎಂದಿರುತ್ತದೆ. ಈ ಒಂದಕ್ಷರದ ದೆಸೆಯಿಂದ ದುಂಡಗಿರಬೇಕಾದ ರಕ್ತಕಣವು ಕುಡುಗೋಲಿನಂತೆ ಬಾಗುತ್ತದೆ. (ಮಾತಾಪಿತೃಗಳಲ್ಲಿ ಒಬ್ಬರಿಂದ ಮಾತ್ರ ಇದು ಬಂದರೆ ಮಲೇರಿಯದಿಂದ ರಕ್ಷಣೆ ದೊರೆಯುವುದೆಂದು ಆಲಿಸನ್ ಎಂಬ ವೈದ್ಯನು ೧೯೫೪ರಲ್ಲಿ ತೋರಿಸಿದನು. ಆದುದರಿಂದ ಇದನ್ನು ಅಪಪಾಠವೆನ್ನಬೇಕೆ, ಪಾಠಾಂತರವೆನ್ನಬೇಕೆ ಎಂಬುದೂ ವಿಚಾರಾರ್ಹವೇ.) ಆದರೆ ೨೦೨೩ರ ನವೆಂಬರಿನಲ್ಲಿ ಬ್ರಿಟನ್ ದೇಶವು ಮೊತ್ತಮೊದಲು ಅಂಗೀಕರಿಸಿದ ‘ಕ್ಯಾಸ್ಜೆವಿ’ ಚಿಕಿತ್ಸೆಯು ಆ ಅಕ್ಷರವನ್ನು ಮುಟ್ಟುವುದೇ ಇಲ್ಲ! ರಕ್ತವನ್ನು ಹುಟ್ಟಿಸುವ ಮೂಲಕಣಗಳನ್ನು ರೋಗಿಯಿಂದ ಹೊರತೆಗೆದು, ಕ್ರಿಸ್ಪರ್ ಎಂಬ ಸಾಧನದಿಂದ ಬಿಸಿಎಲ್ ೧೧ಎ ಎಂಬ ಬೇರೊಂದು ಜೀನಿನ ನಿಯಾಮಕಭಾಗವನ್ನು ಕತ್ತರಿಸುತ್ತಾರೆ. ಉಗ್ರವಾದ ಔಷಧದಿಂದ ಹಳೆಯ ಮಜ್ಜೆಯನ್ನು ಬರಿದುಮಾಡಿ, ಆ ಕಣಗಳನ್ನು ದೇಹಕ್ಕೆ ಮರಳಿ ಸೇರಿಸುತ್ತಾರೆ. ಗರ್ಭಸ್ಥಿತಿಯಲ್ಲಿದ್ದು ಶೈಶವದಲ್ಲಿ ತಡೆಯಲ್ಪಟ್ಟ ಹಿಮೋಗ್ಲೋಬಿನ್ನು ಆಗ ತಿರುಗಿ ಉತ್ಪನ್ನವಾಗುತ್ತದೆ. ಉತ್ಸರ್ಗವನ್ನು ತಡೆದ ನಿಷೇಧವನ್ನೇ ತಡೆದು, ಉತ್ಸರ್ಗವನ್ನು ಮರಳಿ ತರುವುದಕ್ಕೆ ನಮ್ಮ ಶಾಸ್ತ್ರಕಾರರು ಪ್ರತಿಪ್ರಸವವೆಂದು ಹೆಸರಿಟ್ಟಿದ್ದಾರೆ. ಇಲ್ಲಿ ನಡೆದಿರುವುದು ಅದೇ ಹೊರತು ಪಾಠಶೋಧನೆಯಲ್ಲ.

ಇದು ಶಬ್ದದ ಜಗಳವಷ್ಟೆ ಎಂದು ವಾಚಕರು ಹೇಳಬಹುದು. ಹಾಗಲ್ಲ. ೨೦೧೮ರ ನವೆಂಬರಿನಲ್ಲಿ ಚೀನದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿಯು, ತಾನು ಭ್ರೂಣದಲ್ಲಿಯೇ ಜೀನನ್ನು ಮಾರ್ಪಡಿಸಿದ ಅವಳಿ ಹೆಣ್ಣುಮಕ್ಕಳು ಜನಿಸಿರುವರೆಂದು ಪ್ರಕಟಪಡಿಸಿದನು. ಎಚ್‌ಐವಿ ಸೋಂಕು ತಗಲದಂತೆ ಮಾಡುವುದು ಅವನ ಉದ್ದೇಶ. ಸಿಸಿಆರ್ ೫ ಎಂಬ ಜೀನಿನಲ್ಲಿ ೩೨ ಅಕ್ಷರಗಳು ಲೋಪವಾಗಿರುವ ಸಹಜ ಪಾಠವೊಂದು ಯೂರೋಪಿನವರಲ್ಲಿ ಕೆಲವರಿಗೆ ಇದೆ. ಆ ಮಕ್ಕಳಲ್ಲಿ ಬಂದುದು ಆ ಪಾಠವೂ ಅಲ್ಲ. ಯಾವ ಪ್ರತಿಯಲ್ಲಿಯೂ ಕಂಡಿರದ ಬೇರೆ ಪಾಠಗಳು. ೨೦೧೯ರ ಡಿಸೆಂಬರಿನಲ್ಲಿ ಅವನಿಗೆ ಮೂರು ವರ್ಷಗಳ ಸೆರೆಮನೆಯಾಯಿತು.

ಗ್ರಂಥಸಂಪಾದಕನು ತನ್ನ ಊಹಾಪಾಠವನ್ನು ಕಂಸದಲ್ಲಿರಿಸುತ್ತಾನೆ, ಮೂಲಪಾಠವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ಅವನು ತಪ್ಪಿದರೂ ಮಾತೃಕೆಯು ಭಂಡಾರದಲ್ಲಿ ಉಳಿದೇ ಇರುತ್ತದೆ. ಕ್ಯಾಸ್ಜೆವಿಯಲ್ಲಿ ಆಗುವ ಬದಲಾವಣೆಯು ಒಂದು ಪ್ರತಿಯಲ್ಲಿ ನಿಲ್ಲುತ್ತದೆ, ರೋಗಿಯ ಸಂತಾನಕ್ಕೆ ಇಳಿಯುವುದಿಲ್ಲ. ಭ್ರೂಣದಲ್ಲಿ ಆಗುವುದಾದರೋ ಮುಂದಿನ ಪ್ರತಿಗಳಿಗೆಲ್ಲ ಮಾತೃಕೆಯಾಗಬಲ್ಲದು. ಅಡಿಟಿಪ್ಪಣಿಗೆ ಅಲ್ಲಿ ಸ್ಥಳವಿಲ್ಲ. ಇವೆರಡಕ್ಕೂ ‘ಸಂಪಾದನೆ’ಯೆಂಬ ಒಂದೇ ಸೌಮ್ಯನಾಮವನ್ನು ಕೊಟ್ಟರೆ, ಮೊದಲನೆಯದರ ಉಪಕಾರದ ನೆರಳಿನಲ್ಲಿ ಎರಡನೆಯದು ನುಸುಳಿಬಿಡುತ್ತದೆ.

ಕನ್ನಡದಲ್ಲಿ ಈ ಶಬ್ದಕ್ಕೆ ಗಳಿಕೆಯೆಂಬ ಅರ್ಥವೂ ಉಂಟಷ್ಟೆ. ಅಮೆರಿಕದಲ್ಲಿ ಕ್ಯಾಸ್ಜೆವಿಗೆ ಗೊತ್ತುಪಡಿಸಿದ ಬೆಲೆ ೨೨ ಲಕ್ಷ ಡಾಲರು ಎಂಬುದನ್ನು ನೋಡಿದರೆ ಆ ಅರ್ಥವೊಂದು ಮಾತ್ರ ಚೆನ್ನಾಗಿ ಹೊಂದುತ್ತದೆ! ಈ ರೋಗವು ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಡುವುದು ಗಿರಿಜನರನ್ನು. ೨೦೨೩ರ ಜುಲೈ ೧ರಂದು ಶಾಹ್ದೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಏಳು ಕೋಟಿ ಜನರ ರಕ್ತಪರೀಕ್ಷೆಯನ್ನು ಗುರಿಯಾಗಿಟ್ಟುಕೊಂಡಿತು.

ರೋಗಿಯ ದೇಹದಲ್ಲಿಯೇ ಮುಗಿಯುವುದನ್ನು ‘ಜೀನ್ ಚಿಕಿತ್ಸೆ’ಯೆಂದೂ, ಭ್ರೂಣದಲ್ಲಿ ಮಾಡುವುದನ್ನು ‘ವಂಶಪರಿವರ್ತನೆ’ಯೆಂದೂ ಕರೆಯಬಹುದೆಂದು ನಮಗೆ ತೋರುತ್ತದೆ. ಪಾರಿಭಾಷಿಕ ಕೋಶಗಳನ್ನು ರಚಿಸುವ ಮಹನೀಯರು ಇವಕ್ಕಿಂತ ಲಘುವಾದ ಶಬ್ದಗಳನ್ನು ಸೂಚಿಸಿದರೆ ನಮ್ಮವನ್ನು ಬಿಡುವುದಕ್ಕೆ ಅಡ್ಡಿಯಿಲ್ಲ; ಎರಡು ಶಬ್ದಗಳಿದ್ದರೆ ಸಾಕು.