ಕೆಲವೇ ತಟ್ಟೆಗಳಲ್ಲಿ ಉಳಿದ ಕಲಾವಿದ

ಸಂಜೆ ಫಳ್ನೀರಿನ ರಸ್ತೆಯಲ್ಲಿ ಸಾಗುವಾಗ ಯಾವುದಾದರೂ ಮನೆಯಿಂದ ಪಿಯಾನೊ ಅಭ್ಯಾಸದ ನಾದ ಕೇಳಿಬಂದರೆ, ತುಸು ನಿಂತು ಎಡಗೈಯನ್ನು ಮಾತ್ರ ಆಲಿಸಿ. ನಮ್ಮ ಕಿವಿ ಸಾಮಾನ್ಯವಾಗಿ ಬಲಗೈಯ ರಾಗವನ್ನೇ ಹಿಡಿಯುತ್ತದೆ. ಆದರೆ ಜಾಝ್‌ನ ಆದಿಕಾಲದ ‘ಸ್ಟ್ರೈಡ್’ ಶೈಲಿಯಲ್ಲಿ ಎಡಗೈಯೇ ಒಂದು ವಾದ್ಯವೃಂದ. ಒಂದನೆಯ ಮತ್ತು ಮೂರನೆಯ ಬಡಿತಕ್ಕೆ ಮಂದ್ರಸ್ವರ, ಎರಡನೆಯ ಮತ್ತು ನಾಲ್ಕನೆಯದಕ್ಕೆ ಸ್ವರಗುಚ್ಛ. ಹೀಗೆ ಕೈ ದಾಪುಗಾಲಿಡುತ್ತಾ ನಡೆಯುತ್ತದೆ. ಅದರ ಮೇಲೆ ಬಲಗೈ ತಾಳ ತಪ್ಪಿದಂತೆ ನಟಿಸುತ್ತಾ, ತಪ್ಪದೆ ನುಡಿಯುತ್ತದೆ.

ಈ ಪರಂಪರೆಯ ಟೆಡ್ಡಿ ವೆದರ್‌ಫೋರ್ಡ್ ಹುಟ್ಟಿದ್ದು 1903ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ಕೊನೆಯುಸಿರೆಳೆದದ್ದು 1945ರ ಏಪ್ರಿಲ್‌ನಲ್ಲಿ, ಕಾಲರಾಕ್ಕೆ ತುತ್ತಾಗಿ, ನಮ್ಮ ಕಲ್ಕತ್ತೆಯಲ್ಲಿ. ಷಿಕಾಗೊದಲ್ಲಿ ಅವರು ಮನೆಮಾತಾಗಿದ್ದರು. ಆದರೂ ಅಲ್ಲಿಯ ಅವರ ಹೆಸರಿಗೆ ಮುಖ್ಯ ಸಾಕ್ಷಿ 1926ರ ಮೇ ತಿಂಗಳಲ್ಲಿ ಅರ್ಸ್ಕಿನ್ ಟೇಟ್ ವಾದ್ಯವೃಂದದೊಡನೆ ಮುದ್ರಿತವಾದ ಎರಡು ಕೃತಿಗಳು. ಅಲ್ಲಿ ತುತ್ತೂರಿ ನುಡಿಸಿದವರು ಲೂಯಿ ಆರ್ಮ್‌ಸ್ಟ್ರಾಂಗ್. ಅದೇ ವರ್ಷ ವೆದರ್‌ಫೋರ್ಡ್ ಏಷ್ಯಾದತ್ತ ಹಡಗೇರಿದರು. ಷಾಂಘೈ, ಬೊಂಬಾಯಿಯ ತಾಜ್‌ಮಹಲ್ ಹೋಟೆಲು, ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲು ಅವರ ವೇದಿಕೆಗಳಾದವು. ಆರ್ಮ್‌ಸ್ಟ್ರಾಂಗ್‌ರ ಕೀರ್ತಿ ತಟ್ಟೆಗಳ ಮೂಲಕ ಲೋಕವ್ಯಾಪಿಯಾದಾಗ, ಇವರದು ರಾತ್ರಿಯ ನೃತ್ಯದೊಡನೆ ಕರಗಿಹೋಯಿತು.

ಅವರನ್ನು ಒಂಟಿಯಾಗಿ ಕೇಳಬೇಕಿದ್ದರೆ 1937ರ ಪ್ಯಾರಿಸ್ ಮುದ್ರಣಗಳಿಗೆ ಹೋಗಬೇಕು. ‘ವೆದರ್ ಬೀಟನ್ ಬ್ಲೂಸ್’ನಲ್ಲಿ ಗಾಂಭೀರ್ಯವಿದೆ, ಮೌನಕ್ಕೂ ಎಡೆಯಿದೆ. ‘ಟೀ ಫಾರ್ ಟೂ’ನಲ್ಲಾದರೋ ಕೈಚಳಕವೇ ಮೇಲುಗೈ, ಅಲಂಕಾರದ ಭಾರಕ್ಕೆ ಮೂಲರಾಗ ಬಾಗುತ್ತದೆ. ಯುದ್ಧಕಾಲದ ಕಲ್ಕತ್ತೆಯ ಮುದ್ರಣಗಳು ಬಹುಮಟ್ಟಿಗೆ ಗಾಯನಕ್ಕೂ ನೃತ್ಯಕ್ಕೂ ಮೀಸಲು. ಪಿಯಾನೊಗೆ ದೊರೆತದ್ದು ಅಲ್ಪ ಅವಕಾಶ.

ಇಷ್ಟರಿಂದಲೇ ಅವರನ್ನು ಮಹಾಪ್ರತಿಭೆಯೆಂದು ಘೋಷಿಸಬಹುದೇ? ದಂತಕಥೆಯ ಮಾತು ಕೇಳಿ ಹಾಗೆನ್ನುವುದು ವಿಮರ್ಶೆಯಾಗದು. ತಟ್ಟೆ ಕಡಿಮೆಯೆಂದು ಕಡೆಗಣಿಸುವುದೂ ನ್ಯಾಯವಲ್ಲ. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ; ಅವರು ನುಡಿಸಿದ್ದು ಇಪ್ಪತ್ತು ವರ್ಷಗಳ ರಾತ್ರಿಗಳನ್ನು. ಅರ್ಲ್ ಹೈನ್ಸ್‌ರಂಥ ದಿಗ್ಗಜರು ಯೌವನದಲ್ಲಿ ಅವರಿಂದ ಪ್ರಭಾವಿತರಾದುದೂ ಲೆಕ್ಕಕ್ಕೆ ಬರಬೇಕು. ತಾಜ್‌ನಲ್ಲಿ ಅವರೊಡನೆ ನುಡಿಸಿದ ಗೋವೆಯ ಫ್ರ್ಯಾಂಕ್ ಫೆರ್ನಾಂಡ್ ಮುಂದೆ ‘ಆಮ್ಚೆಂ ನಶೀಬ್’ (1963), ‘ನಿರ್ಮೊಣ್’ (1966) ಎಂಬ ಕೊಂಕಣಿ ಚಿತ್ರಗಳನ್ನು ನಿರ್ಮಿಸಿದರು. ಕಲೆ ತಟ್ಟೆಯಿಂದ ತಟ್ಟೆಗೆ ಮಾತ್ರವಲ್ಲ, ಕೈಯಿಂದ ಕೈಗೂ ದಾಟುತ್ತದೆ.

ನಿಮ್ಮ ಮನೆಯಲ್ಲೂ ಪಿಟೀಲನ್ನೋ ಹಾರ್ಮೋನಿಯಮನ್ನೋ ಬಲ್ಲ ಹಿರಿಯರಿರಬಹುದು. ಅವರ ನಾದವನ್ನು ಇಂದೇ ಮುದ್ರಿಸಿಕೊಳ್ಳಿ. ಅದಕ್ಕಿಂತ ಮೊದಲು, ಒಂದು ಮಗುವನ್ನು ಅವರ ಪಕ್ಕದಲ್ಲಿ ಕುಳ್ಳಿರಿಸಿ.