ಮಾತಿಗಿಂತ ಮುಂಚೆ ಬಂದ ದನಿ

ಅಮೆರಿಕದ ಜಸ್ಟಿನ್ ವರ್ನನ್ 'ಬೋನ್ ಇವೇರ್' ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಮ್ 'ಫಾರ್ ಎಮ್ಮಾ, ಫಾರೆವರ್ ಅಗೋ' ಬಗ್ಗೆ ಮಾತೆತ್ತಿದರೆ ಸಾಕು, ಜನ ಹಾಡು ಬಿಟ್ಟು ಕಾಡುಮನೆಯ ಕತೆ ಶುರುಮಾಡುತ್ತಾರೆ. ಬ್ಯಾಂಡ್ ಒಡೆಯಿತು, ಪ್ರೀತಿ ಮುರಿಯಿತು, ಕಾಯಿಲೆ ಹಾಸಿಗೆ ಹಿಡಿಸಿತು; 2006ರ ಚಳಿಗಾಲದಲ್ಲಿ ಆತ ವಿಸ್ಕಾನ್ಸಿನ್ನಿನ ಕಾಡಿನಲ್ಲಿದ್ದ ಅಪ್ಪನ ಮರದ ಮನೆ ಸೇರಿ ಒಬ್ಬನೇ ಹಾಡು ಕಟ್ಟಿದ. ಕತೆ ನಿಜವೇ. ಆದರೆ ಒಂಬತ್ತು ಹಾಡುಗಳ ಈ ಆಲ್ಬಮ್ ಅಷ್ಟು ಖಾಸಗಿ ಅನ್ನಿಸುವುದು ಆ ಕತೆಯಿಂದ ಎಂಬುದನ್ನು ನಾನು ಒಪ್ಪಲಾರೆ.

ಹಾಡುಗಳು ಹುಟ್ಟಿದ ಕ್ರಮವನ್ನೇ ನೋಡಿ. ವರ್ನನ್ ಮೊದಲು ಸಾಹಿತ್ಯ ಬರೆದವನಲ್ಲ. ಅರ್ಥವಿಲ್ಲದ ಉಲಿಗಳಲ್ಲಿ ರಾಗ ಹಾಡಿ ಮುದ್ರಿಸಿಕೊಂಡು, ಅದನ್ನೇ ಮತ್ತೆ ಮತ್ತೆ ಕೇಳಿ, ಆ ಉಲಿಗೆ ಕೂರುವ ಪದಗಳನ್ನು ಆಮೇಲೆ ಹುಡುಕಿದ. ಹಾಗಾಗಿ ಸಾಹಿತ್ಯದ ಹಾಳೆ ಹಿಡಿದು ಕೂತವರಿಗೆ ಸಿಗುವುದು ತುಂಡು ಚಿತ್ರಗಳಷ್ಟೇ. ಯಾರು ಯಾರನ್ನು ಬಿಟ್ಟರು, ಯಾಕೆ ಬಿಟ್ಟರು ಎಂಬ ವಿವರವೇ ಇಲ್ಲ. ಎಮ್ಮಾ ಎಂಬುದು ಕೂಡ ಒಬ್ಬ ಹೆಣ್ಣಿಗಿಂತ ಹೆಚ್ಚಾಗಿ ಮನಸ್ಸು ಸಿಕ್ಕಿಬಿದ್ದ ಜಾಗ ಎಂದು ಆತನೇ ವಿವರಿಸಿದ್ದಾನೆ. ಖಾಸಗಿಯಾಗಿರುವುದು ಕಂಠ. ಹಿಂದೆ 'ಡಿಯಾರ್ಮಂಡ್ ಎಡಿಸನ್' ಬ್ಯಾಂಡಿನಲ್ಲಿ ತಗ್ಗಿನ ದನಿಯಲ್ಲಿ ಹಾಡುತ್ತಿದ್ದವನು ಇಲ್ಲಿ ಫಾಲ್ಸೆಟ್ಟೊ ಎಂಬ ತೆಳು ಮೇಲ್ದನಿ ಹಿಡಿದ. ಸಾಲದ್ದಕ್ಕೆ ಅದೇ ಕಂಠವನ್ನು ಪದರ ಪದರವಾಗಿ ಮುದ್ರಿಸಿ ಮೇಳ ಮಾಡಿದ. 'ದ ವುಲ್ವ್ಸ್' ಹಾಡಿನ ಕೊನೆಯಲ್ಲಿ ಒಂದೇ ಸಾಲು ಮರಳಿ ಮರಳಿ ಬರುತ್ತ, ದನಿಗಳು ಒಂದರ ಮೇಲೊಂದು ಏರಿ, ತಾಳವಾದ್ಯಗಳ ಗದ್ದಲದಲ್ಲಿ ಕುಸಿಯುತ್ತವೆ. ಒಂಟಿ ಮನುಷ್ಯನೊಬ್ಬ ತನ್ನದೇ ದನಿಗಳ ಗುಂಪಿನಲ್ಲಿ ಸಿಕ್ಕಿಕೊಂಡದ್ದು ಇಂಗ್ಲಿಷ್ ಬಾರದವರಿಗೂ ಕೇಳಿಸುತ್ತದೆ.

ಮಾತೇ ತಿಳಿಯದಿದ್ದರೆ ಮನಸ್ಸು ತೆರೆದಿಟ್ಟದ್ದು ಹೇಗೆ ಎಂದು ಆಕ್ಷೇಪಿಸಬಹುದು. ಧಾರವಾಡದ ಖಯಾಲ್ ಕೇಳಿದ ಕಿವಿಗೆ ಈ ತಕರಾರು ವಿಚಿತ್ರ ಅನ್ನಿಸಬೇಕು. ಬಂದಿಶಿನ ಅರ್ಥ ಬಿಡಿಸಿಕೊಂಡ ಮೇಲೆಯೇ ಮಲ್ಲಿಕಾರ್ಜುನ ಮನ್ಸೂರರಿಗೆ ಮನಸೋತವರು ಎಷ್ಟು ಮಂದಿ? ಮನ್ಸೂರರ ಬೆನ್ನಿಗೆ ರಾಗಪರಂಪರೆಯಿತ್ತು, ಸರಿ. ಅಂಥ ಆಸರೆಯಿಲ್ಲದ್ದಕ್ಕೇ ವರ್ನನ್ ಕಂಠದ ಬಣ್ಣವನ್ನು ಅಷ್ಟು ನೆಚ್ಚಬೇಕಾಯಿತು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: 2007ರಲ್ಲಿ ಸ್ವಂತ ಖರ್ಚಿನಲ್ಲಿ ಬಂದು 2008ರಲ್ಲಿ ಜಾಗ್‌ಜಾಗ್ವಾರ್ ಕಂಪನಿಯ ಮೂಲಕ ಹರಡಿದ ಈ ಆಲ್ಬಮನ್ನು ಮಾರಿದ್ದೇ ಕಾಡುಮನೆಯ ಕತೆ ಎಂಬುದು. ಕತೆ ಜನರನ್ನು ಬಾಗಿಲತನಕ ಕರೆತಂದಿರಬಹುದು. ಆದರೆ 2011ರಲ್ಲಿ ಬರ್ಡಿ ಎಂಬ ಹದಿನಾಲ್ಕರ ಇಂಗ್ಲಿಷ್ ಹುಡುಗಿ ಇದೇ ಆಲ್ಬಮಿನ 'ಸ್ಕಿನ್ನಿ ಲವ್' ಹಾಡನ್ನು ಪಿಯಾನೊ ಮೇಲೆ ಹಾಡಿದಾಗ ಕಾಡೂ ಇರಲಿಲ್ಲ, ಹಿಮವೂ ಇರಲಿಲ್ಲ, ಹಾಡು ಗೆದ್ದಿತು. ಗೆದ್ದರೂ ಬೇರೆಯೇ ಹಾಡಾಯಿತು. ವರ್ನನ್ ಗಿಟಾರ್ ತಂತಿಗಳನ್ನು ಬಡಿದು ಅರಚಿದ ಕಡೆಯ ಸಿಟ್ಟು ಹೋಗಿ, ದುಃಖವಷ್ಟೇ ಉಳಿಯಿತು. ಪದಗಳು ಅವೇ, ಮನುಷ್ಯ ಬದಲಾಗಿದ್ದ.

ನನ್ನ ವಾದಕ್ಕೆ ಸುಲಭವಾಗಿ ಬಗ್ಗದ್ದು ಕೊನೆಯ ಹಾಡು, ಆರು ನಿಮಿಷ ದಾಟುವ 'ರೀ: ಸ್ಟ್ಯಾಕ್ಸ್'. ಪದರಗಳು ಕಳಚಿ ಗಿಟಾರಿನ ಜೊತೆ ದನಿ ಹೆಚ್ಚುಕಡಿಮೆ ಒಂಟಿಯಾಗುತ್ತದೆ, ಮಾತು ತಿಳಿಯಾಗಿ ಕೇಳುತ್ತದೆ. ಕತೆ ಇಲ್ಲಾದರೂ ಸಿಗಬೇಕಿತ್ತು. ಸಾಲುಗಳ ಅರ್ಥಕ್ಕಾಗಿ ಇಲ್ಲಿಯೂ ತಡಕಾಡಬೇಕು. ಆ ದನಿ ಈಗ ಒಂದಿಷ್ಟು ಹಗುರಾಗಿದೆ ಎಂಬುದಕ್ಕೆ ಮಾತ್ರ ಯಾರ ವ್ಯಾಖ್ಯಾನವೂ ಬೇಕಿಲ್ಲ.