ರೂಪಗತಿಗಳ ವರ್ಣನೆಯಲ್ಲಿ ಅನುಕರಣ ಶಬ್ದಗಳ ಔಚಿತ್ಯ

ಅನುಕರಣ ಶಬ್ದಗಳಿಗೆ ನಮ್ಮ ವ್ಯಾಕರಣದಲ್ಲಿ ಸ್ಥಾನ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಅವುಗಳನ್ನು ಅವ್ಯಯಗಳ ಸಾಲಿನಲ್ಲಿ ಪರಿಗಣಿಸಿದ್ದಾನೆ. ಆದರೂ ಇವು ಕಿವಿಗೆ ಬಿದ್ದ ಸಪ್ಪಳದ ಪ್ರತಿಧ್ವನಿ ಮಾತ್ರವೆಂದೂ, ಪ್ರೌಢ ರಚನೆಗೆ ಅನಾವಶ್ಯಕವಾದ ಗ್ರಾಮ್ಯಾಲಂಕಾರವೆಂದೂ ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಈ ಎಣಿಕೆ ಸರಿಯಲ್ಲವೆಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮನೆಮಾತನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿಚಾರಿಸಬೇಕಾಗಿದೆ.

ಕೂಸು ಗುಡುಗುಡು ಓಡುತ್ತದೆ. ಸಿಟ್ಟಾದವನು ಬಿರಬಿರನೆ ನಡೆಯುತ್ತಾನೆ. ಹಾವು ಸರಸರನೆ ಹರಿಯುತ್ತದೆ. ಮೂರು ಕಡೆಯಲ್ಲಿಯೂ 'ವೇಗವಾಗಿ' ಎಂದು ಬರೆದರೆ ವ್ಯಾಕರಣ ಕೆಡುವುದಿಲ್ಲ, ಚಿತ್ರ ಕೆಡುತ್ತದೆ. ಕೂಸಿನ ಪುಟ್ಟ ಹೆಜ್ಜೆ, ಸಿಟ್ಟಿನವನ ಬಿಗಿದ ಮೈ, ಹಾವಿನ ತಡೆಯಿಲ್ಲದ ಜಾರಿಕೆ ಮೂರೂ ಅಳಿದು, ವೇಗವೊಂದೇ ಉಳಿಯುತ್ತದೆ. ಇನ್ನು 'ಪಿಳಿಪಿಳಿ' ಕಣ್ಣು ಬಿಡುವಲ್ಲಿ ಸಪ್ಪಳವೇ ಇಲ್ಲ. ಅಲ್ಲಿ ಅನುಕರಣವಾಗುವುದು ರೆಪ್ಪೆಯ ಚಲನೆ. ಸ್ಥಿರವಾದ ಆಕಾರಕ್ಕೂ ಈ ವಿವೇಚನೆ ಸಲ್ಲುತ್ತದೆ. ರೊಟ್ಟಿಯ ಅಂಚು ಸೊಟ್ಟವಾಗಬಹುದು. ಡೋಣಿ ಹೊಳೆಯ ದಾರಿಯಾದರೋ ಅಂಕುಡೊಂಕು. ಮೊದಲನೆಯದು ಒಂದು ವಕ್ರತೆ. ಎರಡನೆಯದರಲ್ಲಿ ಕಣ್ಣು ತಿರುವಿನಿಂದ ತಿರುವಿಗೆ ಸಾಗುತ್ತದೆ, ಆಕಾರವೇ ಗತಿಯಾಗುತ್ತದೆ.

ಈ ವಿಷಯವನ್ನು ವಿಶದವಾಗಿ ಬೆಳೆಸಿಕೊಂಡ ಭಾಷೆಗಳಲ್ಲಿ ಜಪಾನೀ ಒಂದು. ಅಲ್ಲಿ ಧ್ವನಿಯ ಅನುಕರಣವನ್ನು 'ಗಿಓಂಗೊ' ಎಂದೂ, ರೂಪ, ಗತಿ, ಸ್ಥಿತಿಗಳ ಅನುಕರಣವನ್ನು 'ಗಿತಾಯ್‌ಗೊ' ಎಂದೂ ಬೇರೆಬೇರೆಯಾಗಿ ಕರೆಯುತ್ತಾರೆ. ಹಗುರವಾದ ಚಿಕ್ಕ ವಸ್ತು 'ಕೊರೊಕೊರೊ' ಉರುಳುತ್ತದೆ. ಭಾರವಾದ ಬಂಡೆ 'ಗೊರೊಗೊರೊ' ಉರುಳುತ್ತದೆ. ನಯವಾದುದು 'ಸರಸರ', ಒರಟಾದುದು 'ಜರಜರ'. ವ್ಯಂಜನವು ಘೋಷವಾದೊಡನೆ ತೂಕವೂ ಒರಟುತನವೂ ಕೂಡುತ್ತವೆ. ಇಂಥ ಶಬ್ದದ ಮುಂದೆ ಅವರು ಸೇರಿಸುವ 'ತೊ' ಎಂಬುದು ಪರರ ಮಾತನ್ನು ಉದ್ಧರಿಸುವಾಗಲೂ ಬರುವ ಪ್ರತ್ಯಯ. ನಮ್ಮ 'ಪಟಪಟ ಅಂತ' ಎಂಬ ಪ್ರಯೋಗದ 'ಅಂತ'ವೂ ಹಾಗೆಯೇ. ಎರಡು ಭಾಷೆಗಳೂ ವಸ್ತುವಿನ ಚಲನೆಯನ್ನು ವಸ್ತುವೇ ಆಡಿದ ಮಾತಿನಂತೆ ಹೇಳುತ್ತವೆ.

ಹಾಗೆಂದು ಜಪಾನೀ ಸೂತ್ರವನ್ನು ಕನ್ನಡಕ್ಕೆ ಹೊರಿಸಲಾಗದು. 'ಪಟಪಟ' ಮಾತಾಡುವುದು ಚುರುಕು, 'ಬಡಬಡಿಸು'ವುದು ಹುರುಳಿಲ್ಲದ ಹರಟೆ. ಇಲ್ಲಿ ಸೂತ್ರ ಹೊಂದುತ್ತದೆ. ಆದರೆ ಬುಗುರಿ 'ಗರಗರ' ತಿರುಗುವುದು ಗತಿ; ಹಲ್ಲಿನ ಕೆಳಗೆ ಹಪ್ಪಳ 'ಕರಕರ' ಎನ್ನುವುದು ಧ್ವನಿ. ಒಂದು ಇನ್ನೊಂದರ ಹಗುರವಾದ ರೂಪವಲ್ಲ. ಆದುದರಿಂದ ಕನ್ನಡದಲ್ಲಿ ಕೊನೆಯ ಪ್ರಮಾಣ ಬಳಕೆಯೇ ಹೊರತು ಸೂತ್ರವಲ್ಲ. ಕ್ಷೇಮೇಂದ್ರನು ಹೇಳಿದ ಔಚಿತ್ಯವು ಇಲ್ಲಿ ಒಂದೊಂದು ಅಕ್ಷರಕ್ಕೂ ಅನ್ವಯಿಸುತ್ತದೆ.

ಆ ಬಳಕೆಯ ಆಕರವೆಲ್ಲಿ? ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಮೊದಲಾದವರು, ಸಂಗ್ರಹಿಸಿದ 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿ ಮೂರೇ ಸಾಲಿನದು. ಅದರಲ್ಲಿ ಭರ್ತಿಯ ಮಾತಿಗೆ ಎಡೆಯಿಲ್ಲ. ಅಂಥ ಇಕ್ಕಟ್ಟಿನಲ್ಲಿ ಒಂದು ಜೋಡುನುಡಿಗೆ ಜಾಗ ಕೊಟ್ಟರೆ ಅದು ಒಂದು ವಾಕ್ಯದ ಕೆಲಸ ಮಾಡಲೇಬೇಕು. ಕಲ್ಲಿನ ಸುತ್ತು ಕೈಯ ಗತಿ, ಕೈಯ ಗತಿ ಹಾಡಿನ ಲಯ. ಇದನ್ನು ಬರಿಯ ನಾದಸೌಂದರ್ಯವೆಂದು ಹೊಗಳಿ ಮುಂದೆ ಸಾಗುವ ವಿಮರ್ಶೆ ಅರ್ಧ ಅರ್ಥವನ್ನು ಕೈಬಿಟ್ಟಂತೆಯೇ ಸರಿ.

ಕಿಟ್ಟೆಲರ 1894ರ ನಿಘಂಟು ಇಂಥ ಅನೇಕ ಶಬ್ದಗಳಿಗೆ ಸ್ಥಾನ ಕೊಟ್ಟಿದೆ. ಆದರೆ ಅರ್ಥ ಕೊಟ್ಟಮಾತ್ರಕ್ಕೆ ಕೆಲಸ ಮುಗಿಯದು. ಯಾವ ವಸ್ತುವಿಗೆ, ಎಷ್ಟು ಭಾರಕ್ಕೆ, ಯಾವ ಗತಿಗೆ ಯಾವ ಶಬ್ದವೆಂಬುದನ್ನು ಉದಾಹರಣೆಗಳಿಂದ ತೋರಿಸಬೇಕು. ಬೀಸುವ ಕಲ್ಲು ಅಡಿಗೆಮನೆಯಿಂದ ಸರಿದಿದೆ, ಹಿಟ್ಟು ಗಿರಣಿಯಿಂದ ಬರುತ್ತಿದೆ. ಕೆಲಸದೊಡನೆ ಅದರ ನುಡಿಯೂ ಮರೆಯಾಗುವ ಮುನ್ನ ಅದನ್ನು ಕಿವಿಯಿಂದ ಕೇಳಿದ ಹಿರಿಯರ ಬಾಯಿಂದಲೇ ಬರೆದುಕೊಳ್ಳುವುದು ಅಧ್ಯಾಪಕರಿಗೆ ಅಸಾಧ್ಯವೇನೂ ಅಲ್ಲ. ವಿದ್ಯಾರ್ಥಿಯ ಪ್ರಬಂಧದಲ್ಲಿ 'ಸರಸರನೆ' ಎಂಬುದನ್ನು ಹೊಡೆದುಹಾಕಿ 'ವೇಗವಾಗಿ' ಎಂದು ತಿದ್ದುವ ಮೊದಲು, ಅವನು ಕಂಡುದು ಹಾವೋ, ಮನುಷ್ಯನೋ, ಕೂಸೋ ಎಂದು ಒಮ್ಮೆ ಕೇಳಿ ನೋಡಬೇಕು.